ಮಕ್ಕಳ ಖಿನ್ನತೆ ಸ್ಕ್ಯಾನ್‌ನಲ್ಲಿ, ಜೀನ್ ಟೆಸ್ಟ್‌ನಲ್ಲಿ ಮೊದಲೇ ಗೊತ್ತಾಗುತ್ತದಾ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಐದಾರು ತಿಂಗಳಿಂದ ಮಂಕಾಗಿದ್ದಾಳೆ. ಗೆಳತಿಯರ ಜೊತೆ ಮಾತು ಕಡಿಮೆ, ರಾತ್ರಿ ನಿದ್ದೆ ಇಲ್ಲ, ಎಲ್ಲದಕ್ಕೂ ಸಿಡುಕು. ನನ್ನ ತಮ್ಮ 22ನೇ ವಯಸ್ಸಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ. ಅದಕ್ಕೇ ನನಗೆ ತುಂಬಾ ಭಯ. ಇದು ರಕ್ತದಲ್ಲೇ ಬರುವಂಥದ್ದಾ? ಮೆದುಳಿನ ಸ್ಕ್ಯಾನ್, ಜೀನ್ ಟೆಸ್ಟ್ ಮಾಡಿಸಿದರೆ ಅಪಾಯ ಇದೆಯೋ ಇಲ್ಲವೋ ತಿಳಿಯುತ್ತದಾ?

ಉತ್ತರ: ಮೊದಲು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ, ಸಂಶೋಧನೆಯ ಮಾತು ಆಮೇಲೆ. ಐದಾರು ತಿಂಗಳು ಅಂದರೆ ಕಾದು ನೋಡುವ ಹಂತ ದಾಟಿದೆ. ಈ ವಾರವೇ ಮಗಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಿಮ್ಮ ತಮ್ಮನ ವಿಷಯವನ್ನೂ ಮುಚ್ಚಿಡದೆ ಹೇಳಿ. ಹದಿಹರೆಯದಲ್ಲಿ ಖಿನ್ನತೆ ಅಳುವಾಗಿಯೇ ಕಾಣಿಸಿಕೊಳ್ಳಬೇಕೆಂದಿಲ್ಲ, ಎಷ್ಟೋ ಸಲ ಸಿಡುಕಾಗಿ ಬರುತ್ತದೆ. ಅದನ್ನು ವಯಸ್ಸಿನ ಹಟ ಅಂದುಕೊಂಡು ಮನೆಯವರು ಬೈದು ಸುಮ್ಮನಾಗುತ್ತಾರೆ. ನೀವು ಹಾಗೆ ಮಾಡದೆ ಪತ್ರ ಬರೆದಿರಿ, ಒಳ್ಳೆಯದಾಯಿತು.

ರಕ್ತದಲ್ಲೇ ಬರುತ್ತದಾ ಅಂದರೆ, ಸ್ವಲ್ಪ ಮಟ್ಟಿಗೆ ಹೌದು. ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಜನರ ನಡುವೆ ಖಿನ್ನತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 37ರಷ್ಟು ಪಾಲು ವಂಶವಾಹಿಗಳದ್ದು ಎಂದು ಕಂಡುಬಂದಿದೆ. ಉಳಿದದ್ದು ಬದುಕು ಕೊಡುವ ಪಾಲು. ಇದು ದೊಡ್ಡ ಗುಂಪೊಂದರ ಲೆಕ್ಕ. ನಿಮ್ಮ ಮಗಳಿಗೆ ಶೇ 37 ಅಪಾಯ ಅಂತ ಇದನ್ನು ಓದಬೇಡಿ.

ಆತ್ಮಹತ್ಯೆಯ ಅಪಾಯವೂ ಕೆಲವು ಕುಟುಂಬಗಳಲ್ಲಿ ಜಾಸ್ತಿ ಇರುತ್ತದೆ. ಅಮೆರಿಕದ ಮನೋವೈದ್ಯ ಡೇವಿಡ್ ಬ್ರೆಂಟ್ ಮತ್ತು ಸಂಗಡಿಗರು ಖಿನ್ನತೆಯಂಥ ಕಾಯಿಲೆ ಇದ್ದ ತಂದೆ ತಾಯಂದಿರ 701 ಮಕ್ಕಳನ್ನು ಸರಾಸರಿ ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಅವರಲ್ಲಿ ಚಿಕ್ಕವರೂ ಇದ್ದರು, ಬೆಳೆದವರೂ ಇದ್ದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತಂದೆ ಅಥವಾ ತಾಯಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದರೆ, ಮಕ್ಕಳಲ್ಲಿ ಅಂಥ ಪ್ರಯತ್ನದ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು. ಐದು ಪಟ್ಟು ಅಂದ ಕೂಡಲೇ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಅದೇ ಅಧ್ಯಯನದ ಇನ್ನೊಂದು ಸಂಖ್ಯೆ ನೋಡಿ. ಆ 701 ಮಂದಿಯಲ್ಲಿ ಅಷ್ಟೂ ಅವಧಿಯಲ್ಲಿ ಪ್ರಯತ್ನ ಮಾಡಿದವರು 29. ಅಪಾಯವಿದ್ದ ಮನೆಗಳಲ್ಲೂ ಬಹುಪಾಲು ಮಕ್ಕಳು ಅಲ್ಲಿಯವರೆಗೆ ಹೋಗಲಿಲ್ಲ. ನಿಮ್ಮ ಮಗಳ ವಿಷಯದಲ್ಲಿ ತೀರಿಕೊಂಡವರು ಸೋದರಮಾವ, ಅಂದರೆ ಸಂಬಂಧ ಇನ್ನೂ ಒಂದು ಹೆಜ್ಜೆ ದೂರ. ಆ ಅಧ್ಯಯನದಿಂದ ನಾನು ಮುಖ್ಯವಾಗಿ ಎತ್ತಿಕೊಳ್ಳುವ ವಿಷಯ ಬೇರೆಯೇ ಇದೆ. ಈ ಅಪಾಯ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ದಾರಿಗಳಲ್ಲಿ ಖಿನ್ನತೆಯೇ ಒಂದು. ಖಿನ್ನತೆಗೆ ಚಿಕಿತ್ಸೆ ಇದೆ.

ಜೀನ್ ಟೆಸ್ಟ್‌ಗೆ ಬರೋಣ. 2003ರಲ್ಲಿ ಒಂದು ಅಧ್ಯಯನ ಬಹಳ ಸದ್ದು ಮಾಡಿತ್ತು. ಮೆದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಸಾಗಣೆಗೆ ಸಂಬಂಧಿಸಿದ ಒಂದು ಜೀನ್‌ನ ಒಂದು ಬಗೆ ಇದ್ದವರಿಗೆ ಕಷ್ಟ ಬಂದಾಗ ಖಿನ್ನತೆ ಬೇಗ ಬರುತ್ತದೆ ಅಂತ ಅದು ಹೇಳಿತ್ತು. ಆಮೇಲೆ ಎಷ್ಟೋ ಗುಂಪುಗಳು ಅದನ್ನು ಮತ್ತೆ ಮಾಡಿ ನೋಡಿದವು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು, ಹಿಂದೆ ಹೆಸರಾಗಿದ್ದ 18 ‘ಖಿನ್ನತೆಯ ಜೀನ್’ಗಳನ್ನು ಪರೀಕ್ಷಿಸಿದರು. ಸುಮ್ನೆ ಎತ್ತಿಕೊಂಡ ಯಾವುದೋ ಜೀನ್‌ಗಳಿಗಿಂತ ಅವು ಹೆಚ್ಚೇನೂ ಹೇಳಲಿಲ್ಲ. ಈಗ ಗೊತ್ತಿರುವ ಪ್ರಕಾರ ಖಿನ್ನತೆಗೆ ನೂರಾರು ಜೀನ್ ವ್ಯತ್ಯಾಸಗಳು ಸೇರುತ್ತವೆ, ಒಂದೊಂದರ ಪ್ರಭಾವವೂ ತೀರಾ ಚಿಕ್ಕದು. ಹಾಗಾಗಿ ಜೊಲ್ಲು ತೆಗೆದುಕೊಂಡು ನಿಮ್ಮ ಮಗುವಿನ ಆತ್ಮಹತ್ಯೆಯ ಅಪಾಯ ಇಷ್ಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ದುಡ್ಡಿನಲ್ಲಿ ಒಳ್ಳೆಯ ಕೌನ್ಸೆಲಿಂಗ್ ಕೊಡಿಸಿ.

ಸ್ಕ್ಯಾನ್ ಕಥೆಯೂ ಹಾಗೇ. ಆತ್ಮಹತ್ಯೆಯ ಯೋಚನೆ ಇದ್ದ 17 ಯುವಜನರು ಮತ್ತು ಇಲ್ಲದ 17 ಮಂದಿಯ ಮೆದುಳಿನ ಸ್ಕ್ಯಾನ್‌ಗಳನ್ನು ಕಂಪ್ಯೂಟರ್ ಶೇ 91ರಷ್ಟು ಸರಿಯಾಗಿ ಬೇರ್ಪಡಿಸಿತು ಎಂದು 2017ರಲ್ಲಿ ಒಂದು ವರದಿ ಬಂತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2023ರಲ್ಲಿ ಆ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಈ ಸುದ್ದಿ ಮೊದಲಿನದರಷ್ಟು ಮನೆಗಳನ್ನು ಮುಟ್ಟಲಿಲ್ಲ. ಇಂಥ ಸುದ್ದಿಗಳು ಹೆದರಿದ ತಂದೆ ತಾಯಂದಿರಲ್ಲಿ ಹುಟ್ಟಿಸುವ ಆಸೆ ನೋಡಿದರೆ ನನಗೆ ಸಂಕಟವಾಗುತ್ತದೆ. ಖಿನ್ನತೆ ಇರುವ ಹದಿಹರೆಯದವರ ಮೆದುಳಿನಲ್ಲಿ, ಗುಂಪಾಗಿ ನೋಡಿದಾಗ, ಚಿಕ್ಕ ಚಿಕ್ಕ ವ್ಯತ್ಯಾಸಗಳು ಕಾಣುತ್ತವೆ, ನಿಜ. ಒಂದೇ ಮಗುವಿನ ಸ್ಕ್ಯಾನ್ ಹಿಡಿದು ತೀರ್ಪು ಕೊಡಲು ಅವು ಸಾಲುವುದಿಲ್ಲ. ಕುಟುಂಬದ ಇತಿಹಾಸ, ಮನೋರೋಗ, ಹಿಂದಿನ ಪ್ರಯತ್ನ ಹೀಗೆ ಗೊತ್ತಿರುವ ಅಪಾಯದ ಅಂಶಗಳ ವಿಷಯದಲ್ಲೂ ಅಷ್ಟೇ. 50 ವರ್ಷಗಳ 365 ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಂಥ ಒಂದೊಂದೇ ಅಂಶ ಹಿಡಿದು ಮುಂದಾಗುವುದನ್ನು ಹೇಳುವುದು ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಮೇಲು ಎಂದು ತಿಳಿಯಿತು.

ಹಾಗಾದರೆ ಈ ಸಂಶೋಧನೆಯೆಲ್ಲ ದಂಡವಾ? ಖಂಡಿತ ಇಲ್ಲ. ಯಾರಿಗೆ ಏನಾಗುತ್ತದೆ ಅಂತ ಅದು ಹೇಳಲಾರದು. ಆದರೆ ಈ ವಯಸ್ಸು ಯಾಕೆ ಇಷ್ಟು ನಾಜೂಕು ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ.

ಪ್ರೌಢಾವಸ್ಥೆಯ ಹಾರ್ಮೋನುಗಳು ಏರುವ ಹೊತ್ತಿಗೆ ಭಯ, ಸಿಟ್ಟು, ಖುಷಿ, ನಾಲ್ಕು ಜನ ಏನಂದುಕೊಳ್ಳುತ್ತಾರೋ ಅನ್ನುವ ಆತಂಕ ಇವನ್ನೆಲ್ಲ ನೋಡಿಕೊಳ್ಳುವ ಮೆದುಳಿನ ಒಳಭಾಗಗಳು ಚುರುಕಾಗುತ್ತವೆ. ಅವನ್ನು ಹದದಲ್ಲಿಡಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಬೆಳೆಯಲು 25ರ ಆಸುಪಾಸು ಆಗಬೇಕು. ಆ ನಡುವಿನ ವರ್ಷಗಳಲ್ಲಿ ನೋವು ದೊಡ್ಡದಾಗಿಯೇ ಇರುತ್ತದೆ, ತಡೆಯುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ಬದುಕಿನಲ್ಲಿ ಎಂದಾದರೂ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 18ರ ವಯಸ್ಸಿನೊಳಗೇ ಶುರುವಾಗಿರುತ್ತವೆ. ಹುಡುಗಿಯರಲ್ಲಿ ಮೈನೆರೆದ ಮೇಲೆ ಖಿನ್ನತೆ ಹುಡುಗರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ.

ಇನ್ನು ಒತ್ತಡದ ಹಾರ್ಮೋನ್ ಕಾರ್ಟಿಸಾಲ್. ಕಷ್ಟ ಬಂದಾಗ ಏರಿ, ಕಳೆದ ಮೇಲೆ ಇಳಿಯಬೇಕು. ಇಳಿಸುವ ಕೆಲಸದಲ್ಲಿ ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗದ ಪಾತ್ರ ದೊಡ್ಡದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ, ಗುಸ್ತಾವೊ ಟುರೆಕಿ ಮೊದಲಾದವರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಲ್ಯದಲ್ಲಿ ಹಿಂಸೆ ಅನುಭವಿಸಿ ಮುಂದೆ ಆತ್ಮಹತ್ಯೆಯಿಂದ ತೀರಿಕೊಂಡವರ ಮೆದುಳಿನಲ್ಲಿ, ಈ ಇಳಿಸುವ ವ್ಯವಸ್ಥೆಗೆ ಬೇಕಾದ ಜೀನ್ ಮೇಲೆ ಅದನ್ನು ಮಂಕು ಮಾಡುವ ರಾಸಾಯನಿಕ ಗುರುತು ಹೆಚ್ಚಿತ್ತು. ಆತ್ಮಹತ್ಯೆಯಿಂದಲೇ ತೀರಿಕೊಂಡರೂ ಬಾಲ್ಯದಲ್ಲಿ ಹಿಂಸೆ ಕಾಣದವರಲ್ಲಿ ಹಾಗಿರಲಿಲ್ಲ. ಅಧ್ಯಯನ ಚಿಕ್ಕದು, ಆದರೂ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮಗುವಿಗೆ ಬೀಳುವ ಏಟು, ಬೈಗುಳ ಮೈಯೊಳಗೆ ಎಷ್ಟು ಆಳಕ್ಕೆ ಇಳಿಯಬಹುದು ಅನ್ನುವುದು ಅಲ್ಲಿ ಕಾಣುತ್ತದೆ.

ಮೈಯ ಉರಿಯೂತಕ್ಕೂ ಮನಸ್ಸಿಗೂ ನಂಟಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಇಂದಿಗೂ ಗಮನಿಸುತ್ತಿದ್ದಾರೆ. ಅವರಲ್ಲಿ 9ನೇ ವಯಸ್ಸಿಗೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಅಂಶ ಜಾಸ್ತಿ ಇದ್ದವರಿಗೆ 18ರ ಹೊತ್ತಿಗೆ ಖಿನ್ನತೆಯ ಸಾಧ್ಯತೆ ಹೆಚ್ಚಿತ್ತು. ಇದೂ ಗುಂಪಿನ ಲೆಕ್ಕವೇ. ಮಗಳಿಗೆ ಆ ರಕ್ತಪರೀಕ್ಷೆ ಮಾಡಿಸಲು ಓಡಬೇಡಿ.

ನಿಮ್ಮ ಕೈಯಲ್ಲೇ ಇರುವ ಒಂದು ವಿಷಯ ನಿದ್ದೆ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ತಡವಾಗಿ ಮಲಗುವುದು ಬರೀ ಸೋಮಾರಿತನ ಅಥವಾ ಮೊಬೈಲ್ ಚಟ ಅಂದುಕೊಳ್ಳಬೇಡಿ, ಮೈಯ ಗಡಿಯಾರವೇ ಮುಂದಕ್ಕೆ ಸರಿದಿರುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟಾಗ ಆತ್ಮಹತ್ಯೆಯ ಯೋಚನೆಯ ಅಪಾಯವೂ ಏರುತ್ತದೆ. ಆದ್ದರಿಂದ ಡಾಕ್ಟರ ಹತ್ತಿರ ಹೋದಾಗ ನಿದ್ದೆಯ ಮಾತನ್ನು ಕೊನೆಗೆ ಉಳಿಸದೆ ಮೊದಲೇ ಹೇಳಿ.

ಪ್ರಶ್ನೆ: ನನಗೆ 17. ಖಿನ್ನತೆ ಇದೆ ಅಂತ ಡಾಕ್ಟರು ಫ್ಲೂಆಕ್ಸೆಟಿನ್ ಮಾತ್ರೆ ಬರೆದಿದ್ದಾರೆ. ಈ ಮಾತ್ರೆ ತೆಗೆದುಕೊಂಡರೆ ಆತ್ಮಹತ್ಯೆ ಯೋಚನೆ ಜಾಸ್ತಿ ಆಗುತ್ತದೆ ಅಂತ ಅಪ್ಪ ಎಲ್ಲೋ ಓದಿ ಬೇಡ ಅನ್ನುತ್ತಿದ್ದಾರೆ. ನನ್ನಲ್ಲಿ ಸೆರೊಟೋನಿನ್ ಕಡಿಮೆ ಇದೆಯಾ?

ಉತ್ತರ: ನಿನ್ನ ವಯಸ್ಸು ನೋಡಿ ನೀನು ಅಂತಲೇ ಬರೆಯುತ್ತೇನೆ. ಅಪ್ಪ ಓದಿದ್ದು ಸುಳ್ಳಲ್ಲ, ಅರ್ಧ ಮಾತ್ರ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಪರಿಶೀಲಿಸಿತು. ಖಿನ್ನತೆಯ ಮಾತ್ರೆ ತೆಗೆದುಕೊಂಡವರಲ್ಲಿ ಶೇ 4ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆ ಅಥವಾ ನಡವಳಿಕೆ ಕಂಡಿತು. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 2. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಈ ಮಾತ್ರೆಗಳ ಮೇಲೆ ಎಫ್‌ಡಿಎ ಎಚ್ಚರಿಕೆ ಹಾಕಿಸಿದ್ದು ಈ ಕಾರಣಕ್ಕೆ. ಮಾತ್ರೆ ಕೊಡಬೇಡಿ ಅಂತ ಅದು ಹೇಳುವುದಿಲ್ಲ. ಕೊಟ್ಟ ಮೇಲೆ ಮೊದಲ ವಾರಗಳಲ್ಲಿ, ಡೋಸ್ ಬದಲಿಸಿದಾಗ ಹುಷಾರಾಗಿ ಗಮನಿಸಿ ಅನ್ನುತ್ತದೆ.

ಉಳಿದರ್ಧ ಇಲ್ಲಿದೆ. 2004ರಲ್ಲೇ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 12ರಿಂದ 17 ವಯಸ್ಸಿನ 439 ಮಂದಿ ಇದ್ದರು. 12 ವಾರಗಳ ಕೊನೆಗೆ ಫ್ಲೂಆಕ್ಸೆಟಿನ್ ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನೂ ಪಡೆದವರಲ್ಲಿ ಶೇ 71 ಮಂದಿ ಸುಧಾರಿಸಿದರು. ಬರೀ ಮಾತ್ರೆಯಲ್ಲಿ ಶೇ 61, ಬರೀ ಸಿಬಿಟಿಯಲ್ಲಿ ಶೇ 43, ಹುಸಿ ಮಾತ್ರೆಯಲ್ಲಿ ಶೇ 35. ಎರಡೂ ಸೇರಿದಾಗ ಆತ್ಮಹತ್ಯೆಯ ಯೋಚನೆ ತಗ್ಗಿದ್ದೂ ಎಲ್ಲಕ್ಕಿಂತ ಚೆನ್ನಾಗಿತ್ತು. ಹಾಗಾಗಿ ಮಾತ್ರೆ ಜೊತೆ ಸಿಬಿಟಿ ಸಿಗುತ್ತದಾ ಅಂತ ಡಾಕ್ಟರನ್ನು ಕೇಳು. ಅಪ್ಪನನ್ನೂ ಕರೆದುಕೊಂಡು ಹೋಗು, ಅವರ ಭಯವನ್ನು ಅವರೇ ಡಾಕ್ಟರ ಮುಂದೆ ಇಡಲಿ. ಮಾತ್ರೆ ಶುರುವಾದ ಮೇಲೆ ಚಡಪಡಿಕೆ ಜಾಸ್ತಿಯಾದರೆ, ನಿದ್ದೆ ಪೂರ್ತಿ ಹಾರಿಹೋದರೆ, ಸಾಯುವ ಯೋಚನೆ ಬಂದರೆ ಅದೇ ದಿನ ಹೇಳು. ನೀನಾಗಿ ಮಾತ್ರೆ ನಿಲ್ಲಿಸಬೇಡ.

ಸೆರೊಟೋನಿನ್ ಕಡಿಮೆ ಇದೆಯಾ ಅಂತ ಅಳೆದು ಹೇಳುವ ಪರೀಕ್ಷೆ ಇಲ್ಲ. 1976ರಲ್ಲಿ ಸ್ವೀಡನ್ನಿನ ಮನೋವೈದ್ಯೆ ಮಾರಿ ಓಸ್ಬರಿ, ಖಿನ್ನತೆ ಇದ್ದವರ ಬೆನ್ನುಹುರಿಯ ದ್ರವದಲ್ಲಿ ಸೆರೊಟೋನಿನ್ ಒಡೆದು ಉಳಿಯುವ ಅಂಶ ಕಡಿಮೆ ಇದ್ದರೆ ಆತ್ಮಹತ್ಯೆಯ ಪ್ರಯತ್ನ ಹೆಚ್ಚು ಕಾಣುತ್ತದೆ ಎಂದು ತೋರಿಸಿದರು. ಆ ಎಳೆ ಹಿಡಿದು ಇಂದಿಗೂ ಕೆಲಸ ನಡೆಯುತ್ತಿದೆ. ಆದರೆ ‘ಸೆರೊಟೋನಿನ್ ಕಮ್ಮಿ, ಅದಕ್ಕೇ ಖಿನ್ನತೆ’ ಅನ್ನುವ ಸರಳ ಲೆಕ್ಕ ನಿಲ್ಲಲಿಲ್ಲ. ಜ್ವರದ ಮಾತ್ರೆಯಿಂದ ಜ್ವರ ಇಳಿದರೆ, ಮೈಯಲ್ಲಿ ಆ ಮಾತ್ರೆ ಕಡಿಮೆ ಇತ್ತು ಅನ್ನುತ್ತೇವಾ? ಫ್ಲೂಆಕ್ಸೆಟಿನ್ ಸೆರೊಟೋನಿನ್ ಮೇಲೆ ಕೆಲಸ ಮಾಡುತ್ತದೆ, ಇದೂ ಹಾಗೇ. ನಿನ್ನಲ್ಲಿ ಏನೋ ಕೊರತೆ ಇದೆ ಅಂತ ಅಂದುಕೊಳ್ಳಬೇಡ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಒಬ್ಬ ವಿದ್ಯಾರ್ಥಿಯ ಬಗ್ಗೆ ಆತಂಕವಿದೆ. ‘ಸಾಯುವ ಯೋಚನೆ ಬರುತ್ತಿದೆಯಾ’ ಅಂತ ನೇರ ಕೇಳಿದರೆ, ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದ ಹಾಗೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಇದನ್ನು ನಿಜವಾಗಿಯೂ ಪರೀಕ್ಷಿಸಿ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ 2,342 ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಮಾತ್ರ ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿ, ಎರಡು ದಿನ ಬಿಟ್ಟು ಎರಡೂ ಗುಂಪುಗಳನ್ನು ವಿಚಾರಿಸಿದರು. ಮೊದಲು ಪ್ರಶ್ನೆ ಎದುರಿಸಿದ್ದ ಗುಂಪಿನಲ್ಲಿ ಆತ್ಮಹತ್ಯೆಯ ಯೋಚನೆಯೂ ಹೆಚ್ಚಲಿಲ್ಲ, ಸಂಕಟವೂ ಹೆಚ್ಚಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗೆ, ಕೇಳಿದ ಮೇಲೆ ಸಂಕಟ ಸ್ವಲ್ಪ ಕಡಿಮೆಯೇ ಇತ್ತು. ಇದು 2005ರಲ್ಲಿ ಪ್ರಕಟವಾಯಿತು.

ಬೇರೆಯವರಿಲ್ಲದ ಕಡೆ, ಅವಸರವಿಲ್ಲದ ಹೊತ್ತಿನಲ್ಲಿ ಕೇಳಿ. ಸುತ್ತಿ ಬಳಸದೆ ಸ್ಪಷ್ಟವಾಗಿ ಕೇಳಿ. ‘ಹಾಗೆಲ್ಲ ಯೋಚನೆ ಇಲ್ಲ ತಾನೇ?’ ಅಂದರೆ ಮಗು ಇಲ್ಲ ಅಂದುಬಿಡುತ್ತದೆ. ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡದೆ ಅದೇ ದಿನ ಮನೆಯವರಿಗೆ ತಿಳಿಸಿ, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಮಾತ್ರೆ, ಕೀಟನಾಶಕದಂಥ ಅಪಾಯದ ವಸ್ತುಗಳಿಗೆ ಬೀಗ ಹಾಕಲು ಹೇಳಿ. ತಕ್ಷಣದ ಅಪಾಯ ಕಂಡರೆ ನೇರ ಆಸ್ಪತ್ರೆಗೆ ಹೋಗಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ‘ಯಾರಿಗೂ ಹೇಳಬೇಡಿ’ ಅಂತ ಹುಡುಗ ಬೇಡಿಕೊಳ್ಳಬಹುದು. ಯಾರಿಗೆ, ಯಾಕೆ ಹೇಳುತ್ತೀರಿ ಅಂತ ಅವನಿಗೆ ಮೊದಲೇ ತಿಳಿಸಿ. ಗುಟ್ಟಾಗಿ ಇಡುತ್ತೇನೆ ಅಂತ ಮಾತ್ರ ಮಾತು ಕೊಡಬೇಡಿ.