ತುರಿಕೆ ನಿಂತರೆ ಕಾಯಿಲೆ ಹೋಯ್ತಾ?

ಮಳೆಗಾಲ ಬಂತೆಂದರೆ ಈ ಅಂಕಣಕ್ಕೆ ತುರಿಕೆಯ ಪತ್ರಗಳೇ ಜಾಸ್ತಿ. ಒಂದೇ ಥರದವನ್ನು ಒಟ್ಟು ಮಾಡಿ, ನಾಲ್ಕನ್ನು ಆರಿಸಿದ್ದೇನೆ. ಊರಿನ ಹೆಸರು ಮಾತ್ರ ಹಾಕಿದ್ದೇನೆ, ಬರೆದವರ ಹೆಸರು ಬೇಡ.

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ದಿನಾ ಬೈಕಿನಲ್ಲಿ ಬೈಕಂಪಾಡಿಗೆ ಕೆಲಸಕ್ಕೆ ಹೋಗುವವನು. ತೊಡೆಸಂದಿಯಲ್ಲಿ ಹುಳುಕಡ್ಡಿ ಶುರುವಾಗಿ ಎಂಟು ತಿಂಗಳಾಯಿತು. ಮೆಡಿಕಲ್‌ನಲ್ಲಿ ಕೇಳಿ ತಂದ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ವಾರದಲ್ಲಿ ಮತ್ತೆ ಬರುತ್ತದೆ, ಮೊದಲಿಗಿಂತ ಜೋರಾಗಿ. ಈಗ ಸೊಂಟಕ್ಕೂ ಹಬ್ಬಿದೆ, ಹೆಂಡತಿಗೂ ಬಂದಿದೆ. ಇದಕ್ಕಿಂತ ಒಳ್ಳೆಯ ಟ್ಯೂಬ್ ಯಾವುದು ಹೇಳ್ತೀರಾ? (ಸುರತ್ಕಲ್)

ಟ್ಯೂಬ್‌ನ ಹೆಸರು ಹೇಳುವುದಿಲ್ಲ ಮಾರಾಯ್ರೆ. ಮೊದಲು ಈಗ ಹಚ್ಚುತ್ತಿರುವ ಟ್ಯೂಬ್‌ನ ಹಿಂಬದಿ ಓದಿ. ಅಕ್ಷರ ತೀರಾ ಸಣ್ಣದು, ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಅಂತ ಏನಾದರೂ ಇದೆಯಾ? ಇದ್ದರೆ ಅದು ಸ್ಟಿರಾಯ್ಡ್. ಅದರ ಜೊತೆಗೆ ಒಂದು ಶಿಲೀಂಧ್ರದ ಔಷಧಿ, ಒಂದು ಬ್ಯಾಕ್ಟೀರಿಯಾದ ಔಷಧಿ ಕೂಡಿಸಿ ಮೂರನ್ನೂ ಒಂದೇ ಟ್ಯೂಬಿಗೆ ತುಂಬಿರುತ್ತಾರೆ. ಏನೇ ಕಾಯಿಲೆ ಇರಲಿ, ಮೂರರಲ್ಲಿ ಒಂದು ತಾಗುತ್ತದೆ ಎನ್ನುವ ಲೆಕ್ಕ. ಕ್ಲೋಬೆಟಸಾಲ್ ಅಂತೂ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತಿ ಬಲವಾದ ಗುಂಪಿನದು.

ಈಗ ತುರಿಕೆ ಯಾಕೆ ನಿಂತಿತು ಕೇಳಿ. ಹುಳುಕಡ್ಡಿಯಲ್ಲಿ ಹುಳ ಇಲ್ಲ, ಇರುವುದು ಶಿಲೀಂಧ್ರ. ಅದು ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ ಕೂತು, ಅಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುತ್ತದೆ. ಇದು ಹೊರಗಿನವನು ಅಂತ ಮೈಗೆ ಗೊತ್ತಾಗಿ, ರಕ್ಷಣೆಯ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ಆ ಜಗಳದಿಂದಲೇ ಕೆಂಪು, ಉರಿ, ತುರಿಕೆ ಎಲ್ಲ. ಉಂಗುರದ ಥರ ಕಾಣುವುದೂ ಅದಕ್ಕೇ: ನಡುವೆ ಜಗಳ ಹೆಚ್ಚುಕಡಿಮೆ ಮುಗಿದಿರುತ್ತದೆ, ಅಂಚಿನಲ್ಲಿ ನಡೆಯುತ್ತಲೇ ಇರುತ್ತದೆ. ಸ್ಟಿರಾಯ್ಡ್ ಹಚ್ಚಿದಾಗ ಸುಮ್ಮನಾಗುವುದು ಶಿಲೀಂಧ್ರ ಅಲ್ಲ, ನಿಮ್ಮದೇ ರಕ್ಷಣೆ. ತೋಟಕ್ಕೆ ಹಂದಿ ನುಗ್ಗಿದೆ ಅಂತ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ನಿಮಗೆ ನಿದ್ದೆ ಬರುತ್ತದೆ ನಿಜ, ಆದರೆ ಬೆಳಿಗ್ಗೆ ತೋಟ ನೋಡಬೇಕು!

ಹಾಗಂತ ಸ್ಟಿರಾಯ್ಡ್ ಕೆಟ್ಟ ಔಷಧಿ ಅಂತ ಯಾರೂ ತಿಳಿಯಬೇಡಿ. 1952ರಲ್ಲಿ ಅಮೆರಿಕದಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಇಬ್ಬರು ವೈದ್ಯರು ಹೈಡ್ರೋಕಾರ್ಟಿಸೋನ್ ಹಚ್ಚಿದರೆ ಇಸುಬು ಇಳಿಯುತ್ತದೆ ಅಂತ ತೋರಿಸಿದ ಮೇಲೆ ಚರ್ಮದ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಇವತ್ತಿಗೂ ಇಸುಬಿಗೆ ನಾನು ಮೊದಲು ಬರೆಯುವುದು ಅದನ್ನೇ. ಶಿಲೀಂಧ್ರಕ್ಕೆ ಹಚ್ಚಿದಾಗ ಮಾತ್ರ ಎಡವಟ್ಟು. 1968ರಲ್ಲೇ ಇಂಗ್ಲೆಂಡಿನ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ: ಸ್ಟಿರಾಯ್ಡ್ ಬಿದ್ದ ಹುಳುಕಡ್ಡಿಯ ಉಂಗುರ ಅಳಿಸಿ ಹೋಗುತ್ತದೆ, ಇದು ಹುಳುಕಡ್ಡಿ ಅಂತ ಗುರುತೇ ಸಿಗದ ಹಾಗೆ ಹರಡುತ್ತದೆ. ನಿಮ್ಮ ಸೊಂಟದ ಕಲೆ ನೋಡಿದರೆ ಬಹುಶಃ ಉಂಗುರದೊಳಗೆ ಉಂಗುರ ಕಾಣಬಹುದು. ತೊಡೆಸಂದಿಯಲ್ಲಿ ಬಿಳಿ ಗೆರೆ, ಹೆಂಗಸರಿಗೆ ಹೆರಿಗೆಯ ಮೇಲೆ ಹೊಟ್ಟೆಯಲ್ಲಿ ಬರುವಂಥದ್ದು, ಬಂದಿದೆಯಾ? ಬಂದಿದ್ದರೆ ಚರ್ಮ ತೆಳುವಾಗಿದೆ ಅಂತ ಅರ್ಥ. ಆ ಗೆರೆ ಪೂರ್ತಿ ಹೋಗುವುದಿಲ್ಲ.

2018ರಲ್ಲಿ ಕೇಂದ್ರ ಸರಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿತು. ಆದರೂ ನಿಮಗೆ ಸಿಕ್ಕಿತು, ಅಲ್ವಾ? ಈ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಅಂಗಡಿಯವರ ಮೇಲೆ ಮಾತ್ರ ಅಲ್ಲ. "ಅದೇ ಟ್ಯೂಬ್ ಕೊಡಿ" ಅಂತ ಖಾಲಿ ಟ್ಯೂಬ್ ಹಿಡಿದು ಹೋಗುವ ನಮ್ಮ ಅಭ್ಯಾಸದ ಮೇಲೂ ಬರುತ್ತದೆ.

ಇನ್ನೊಂದು ಸಂಗತಿ ಇದೆ. ನಮ್ಮ ದೇಶದಲ್ಲಿ ಈಗ ಓಡಾಡುತ್ತಿರುವುದು ಹಳೆಯ ಹುಳುಕಡ್ಡಿ ಅಲ್ಲ. ಭಾರತ ಮತ್ತು ನೇಪಾಳದ ರೋಗಿಗಳಿಂದ ಸಿಕ್ಕಿದ ಒಂದು ಶಿಲೀಂಧ್ರವನ್ನು ಜಪಾನಿನ ಸಂಶೋಧಕರು 2020ರಲ್ಲಿ ಬೇರೆಯೇ ಜಾತಿ ಅಂತ ಗುರುತಿಸಿ, ಟ್ರೈಕೋಫೈಟನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಇದರ ಹಲವು ತಳಿಗಳಿಗೆ, ಹುಳುಕಡ್ಡಿಗೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಮಾತ್ರೆ ನಾಟುವುದಿಲ್ಲ. ಆ ಮಾತ್ರೆ ಶಿಲೀಂಧ್ರದ ಒಂದು ಕಿಣ್ವವನ್ನು ಹಿಡಿದು, ಅದು ತನ್ನ ಹೊರಪೊರೆ ಕಟ್ಟಿಕೊಳ್ಳದ ಹಾಗೆ ಮಾಡಬೇಕು. ಜೀನಿನಲ್ಲಿ ಒಂದು ಸಣ್ಣ ಬದಲಾವಣೆ ಆದರೆ ಸಾಕು, ಮಾತ್ರೆಗೆ ಹಿಡಿತ ಸಿಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲೂ ಇದು ಪತ್ತೆಯಾಯಿತು. ಹಾಗಾಗಿ ಗೆಳೆಯನಿಗೆ ಕೊಟ್ಟ ಮಾತ್ರೆಯನ್ನೇ ನೀವೂ ನುಂಗಿದರೆ ಕೆಲಸ ಮಾಡಲಿಕ್ಕಿಲ್ಲ.

ಈಗ ಎಂತ ಮಾಡುವುದು? ಚರ್ಮದ ಡಾಕ್ಟರ ಹತ್ತಿರ ಹೋಗಿ, ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್ ಆದರೂ ಆಗುತ್ತದೆ. ಹಚ್ಚಿದ್ದ ಟ್ಯೂಬ್‌ಗಳನ್ನು ಮುಚ್ಚಿಡದೆ ಎಲ್ಲ ತೆಗೆದುಕೊಂಡು ಹೋಗಿ. ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಚರ್ಮದ ಕೋಶ ಕರಗುತ್ತದೆ, ಶಿಲೀಂಧ್ರ ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಗಂಟು ಗಂಟಾಗಿ, ಕವಲೊಡೆದ ಗಾಜಿನ ನೂಲಿನಂಥದ್ದು ಕಂಡರೆ ಸಂಶಯವೇ ಇಲ್ಲ. ನೋವಿಲ್ಲ, ಖರ್ಚೂ ಕಡಿಮೆ. ಸ್ಟಿರಾಯ್ಡ್ ಬಿಟ್ಟ ಮೊದಲ ಕೆಲವು ದಿನ ತುರಿಕೆ ಜೋರಾಗುತ್ತದೆ, ಹೆದರಿ ವಾಪಸ್ ಅದಕ್ಕೇ ಹೋಗಬೇಡಿ. ಅದಕ್ಕೂ ಮಾತ್ರೆ ಕೊಡುತ್ತಾರೆ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ, ಕಲೆ ಮಾಸಿತು ಅಂತ ನಡುವೆ ನಿಲ್ಲಿಸಬೇಡಿ. ಹೆಂಡತಿಗೂ ಜೊತೆಯಲ್ಲೇ ಔಷಧಿ ಆಗಬೇಕು, ಇಲ್ಲದಿದ್ದರೆ ನೀವು ಅವರಿಗೆ, ಅವರು ನಿಮಗೆ ಕೊಡುತ್ತಾ ಇರುತ್ತೀರಿ. ಟವೆಲ್ ಬೇರೆ ಬೇರೆ ಇಡಿ. ಒದ್ದೆ ಜೀನ್ಸ್ ಹಾಕಿ ದಿನವಿಡೀ ಕೂರಬೇಡಿ. ನಮ್ಮ ಆಟಿ ತಿಂಗಳಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ, ಅದಕ್ಕೆ ಒಳಉಡುಪಿನ ಹೊಲಿಗೆಯ ಮೇಲೆ ಇಸ್ತ್ರಿ ಎಳೆಯಿರಿ. ಉಡಿದಾರ ಇದ್ದರೆ ಗುಣವಾಗುವವರೆಗೆ ತೆಗೆದಿಡಿ, ಆ ಒದ್ದೆ ನೂಲಿನಲ್ಲಿ ಶಿಲೀಂಧ್ರ ಆರಾಮವಾಗಿ ಉಳಿಯುತ್ತದೆ.

ಪ್ರಶ್ನೆ: ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸ ನನ್ನದು. ಬೆರಳ ತುದಿ ಕಪ್ಪಾಗಿ ಸುಲಿಯುತ್ತದೆ, ಅದು ಎಲ್ಲರಿಗೂ ಇದೆ. ಆದರೆ ನನಗೆ ಈ ವರ್ಷದಿಂದ ಮುಂಗೈ, ಕುತ್ತಿಗೆ, ಕಣ್ಣಿನ ರೆಪ್ಪೆಗೂ ಗುಳ್ಳೆ ಬರುತ್ತದೆ. ಹತ್ತು ವರ್ಷ ಇಲ್ಲದ್ದು ಈಗ ಹೇಗೆ? (ಕಾರ್ಕಳ)

ಅಕ್ಕಾ, ನಿಮಗೆ ಎರಡು ಬೇರೆ ಬೇರೆ ತೊಂದರೆ ಇದೆ. ಬೆರಳು ಕಪ್ಪಾಗಿ ಸುಲಿಯುವುದು ಸಿಪ್ಪೆಯ ಎಣ್ಣೆ ನೇರವಾಗಿ ಸುಡುವುದರಿಂದ. ಅದು ಯಾರ ಕೈಗೆ ತಾಗಿದರೂ ಸುಡುತ್ತದೆ. ರೆಪ್ಪೆಯ ಗುಳ್ಳೆ ಅಲರ್ಜಿ. ಎಣ್ಣೆಯ ಅಂಶ ಚರ್ಮದ ಪ್ರೋಟೀನಿಗೆ ಅಂಟಿಕೊಂಡು, ರಕ್ಷಣೆಯ ಕೋಶಗಳು ಅದನ್ನು ಶತ್ರು ಅಂತ ನೆನಪಿಟ್ಟುಕೊಳ್ಳುತ್ತವೆ. ಈ ನೆನಪು ಮೊದಲ ವರ್ಷವೇ ಮೂಡಬೇಕೆಂದಿಲ್ಲ, ಹತ್ತು ವರ್ಷ ಬಿಟ್ಟೂ ಮೂಡಬಹುದು. ಒಮ್ಮೆ ಮೂಡಿದರೆ ಸಾಮಾನ್ಯವಾಗಿ ಅಳಿಯುವುದಿಲ್ಲ. ಎಣ್ಣೆ ತಾಗಿ ಒಂದೆರಡು ದಿನ ಕಳೆದ ಮೇಲೆ ಗುಳ್ಳೆ ಏಳುವುದರಿಂದ, ಯಾವುದರಿಂದ ಬಂತು ಅಂತ ಗೊತ್ತಾಗುವುದೂ ಕಷ್ಟ.

ಮಾವಿನ ಸೊನೆ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರು, ಇವೆಲ್ಲ ಒಂದೇ ಕುಟುಂಬ. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕುತ್ತಿಗೆಯಲ್ಲಿ, ಸೊಂಟದಲ್ಲಿ ಗುಳ್ಳೆ ಎದ್ದಾಗ ಅವರ ವೈದ್ಯರು ಕಾರಣ ಹುಡುಕಿದರು: ಬಟ್ಟೆಯ ಮೇಲೆ ದೋಬಿ ಹಾಕಿದ ಆ ಕಪ್ಪು ಗುರುತು! ಆದ್ದರಿಂದ ಮಾವಿನಕಾಯಿ ಕೊಯ್ಯುವಾಗಲೂ ನೀವು ಜಾಗ್ರತೆ.

ಕೈಗವಸು ಕೊಡಿ ಅಂತ ಕೇಳಿ, ಒಳಗೆ ಹತ್ತಿಯದು, ಹೊರಗೆ ರಬ್ಬರಿನದು. ಕೆಲಸ ನಿಧಾನ ಆಗುತ್ತದೆ, ಕೂಲಿ ಕಿಲೋ ಲೆಕ್ಕ, ಇದು ನನಗೂ ಗೊತ್ತು. ಅದಕ್ಕೇ ಇದನ್ನು ನಿಮಗೊಬ್ಬರಿಗೆ ಹೇಳಿದರೆ ಸಾಲದು, ಕೆಲಸ ಕೊಡುವವರೂ ಓದಬೇಕು. ಕೆಲಸದ ನಡುವೆ ಕಣ್ಣು ಉಜ್ಜಬೇಡಿ, ಸೆರಗಿನಿಂದ ಮುಖ ಒರೆಸಬೇಡಿ, ರೆಪ್ಪೆಗೆ ಹೋಗುವುದು ಅಲ್ಲಿಂದಲೇ. ಸಂಶಯ ಉಳಿದರೆ, ಯಾವುದರ ಅಲರ್ಜಿ ಅಂತ ತಿಳಿಯುವ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಯ ಮೇಲೆ ತೆಗೆದು ನೋಡುತ್ತಾರೆ, 96 ಗಂಟೆಗೆ ಇನ್ನೊಮ್ಮೆ. ಅಷ್ಟು ದಿನ ಬೆನ್ನಿಗೆ ನೀರು ಹಾಕುವ ಹಾಗಿಲ್ಲ.

ಪ್ರಶ್ನೆ: ಮಗಳಿಗೆ 14 ವರ್ಷ. ಮೊಣಕಾಲಲ್ಲಿ, ಕಣ್ಣಿನ ಹತ್ತಿರ ಬಿಳಿ ಕಲೆ. ತೊನ್ನು ಅಂದರು. ಮೀನು ತಿಂದು ಹಾಲು ಕುಡಿದದ್ದಕ್ಕೆ ಅಂತ ಮನೆಯಲ್ಲಿ ಮೀನು ನಿಲ್ಲಿಸಿದ್ದಾರೆ. (ಮಲ್ಪೆ)

ಮಲ್ಪೆಯಲ್ಲಿ ಮೀನು ನಿಲ್ಲಿಸುವುದೆಂದರೆ! ಇವತ್ತೇ ಬಂಗುಡೆ ತನ್ನಿ. ಮೀನು ಹಾಲಿಗೂ ತೊನ್ನಿಗೂ ಸಂಬಂಧ ಇಲ್ಲ. ಹಾಗಿದ್ದರೆ ನಮ್ಮ ಕರಾವಳಿಯಲ್ಲಿ ಅರ್ಧ ಊರಿಗೆ ತೊನ್ನು ಇರಬೇಕಿತ್ತು.

ಇದರಲ್ಲೂ ಕೆಲಸ ಕೆಡಿಸುವುದು ಅದೇ ರಕ್ಷಣೆಯ ಕೋಶಗಳು. ಬಣ್ಣ ಮಾಡುವ ಮೆಲನೋಸೈಟ್‌ಗಳನ್ನೇ ಶತ್ರು ಅಂತ ಹೊಡೆಯುತ್ತವೆ. ಅಂಟುವ ರೋಗ ಅಲ್ಲ, ಕುಷ್ಠವೂ ಅಲ್ಲ. ಹೊಸ ಸಂಶೋಧನೆ ನಡೆಯುತ್ತಿರುವುದು ಈ ಹೊಡೆತಕ್ಕೆ ಹೋಗುವ ಸಂದೇಶವನ್ನೇ ತಡೆಯುವುದರ ಮೇಲೆ. ರುಕ್ಸೋಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ 12 ವರ್ಷ ದಾಟಿದವರ ತೊನ್ನಿಗೆ ಒಪ್ಪಿಗೆ ಸಿಕ್ಕಿತು. ಹಳೆಯ, ನಂಬುವಂಥ ದಾರಿ 311 ನ್ಯಾನೋಮೀಟರಿನ ಅತಿನೇರಳೆ (ಯುವಿ) ಬೆಳಕಿನ ಚಿಕಿತ್ಸೆ. ವಾರಕ್ಕೆ ಎರಡು ಮೂರು ಸಲ ಹೋಗಬೇಕು, ತಿಂಗಳುಗಟ್ಟಲೆ. ಶಾಲೆ ಇರುವ ಮಗುವಿಗೆ ಅದೇ ದೊಡ್ಡ ತಾಪತ್ರಯ.

ಗುಣ ಕಾಣುತ್ತಿದೆಯಾ ಅಂತ ನೀವೇ ನೋಡಬಹುದು. ಬಿಳಿ ಕಲೆಯ ನಡುವೆ ಕೂದಲ ಬುಡದ ಸುತ್ತ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಮೂಡುತ್ತದೆ. ಕೂದಲ ಬುಡದಲ್ಲಿ ಬಣ್ಣದ ಕೋಶಗಳ ಮೂಲ ಉಳಿದಿರುತ್ತದೆ, ಅಲ್ಲಿಂದ ಮೇಲೆ ಬರುತ್ತವೆ. ಮುಖದ ಕಲೆ ಬೇಗ ತುಂಬುವುದು, ಬೆರಳ ತುದಿಯದು ಹಟ ಮಾಡುವುದು ಇದರಿಂದಲೇ. ಗಾಯ, ಉಜ್ಜುವಿಕೆ ಆದಲ್ಲಿ ಹೊಸ ಕಲೆ ಬರಬಹುದು, ಬಿಗಿ ಪಟ್ಟಿಯ ಚಪ್ಪಲಿ ಬೇಡ. ಹಣೆಗೆ ಅಂಟಿಸುವ ಬಿಂದಿಯೂ ಬೇಡ, ಕೆಲವು ಅಂಟಿನಲ್ಲಿರುವ ರಾಸಾಯನಿಕ ಬಣ್ಣದ ಕೋಶಗಳನ್ನು ಕೊಲ್ಲುತ್ತದೆ.

ಪ್ರಶ್ನೆ: ಚರ್ಮರೋಗ ಬಾರದಿರಲು ದಿನಾ ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ಹಾಕಬಹುದಾ? (ಕುಂದಾಪುರ)

ಬೇಡ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಅಂದರೆ ಹುಳಿ, ಹೆಚ್ಚು ಅಂದರೆ ಕ್ಷಾರ) ಸುಮಾರು 5. ಆ ಹುಳಿಯಲ್ಲೇ ನಮ್ಮ ಒಳ್ಳೆಯ ಬ್ಯಾಕ್ಟೀರಿಯಾ ಬದುಕುತ್ತವೆ. ಮಾಮೂಲಿ ಸಾಬೂನಿನದ್ದು 9ರಿಂದ 10. ಅದೇ ಚರ್ಮಕ್ಕೆ ಜಾಸ್ತಿ, ಅದರ ಮೇಲೆ ಇದೂ ಯಾಕೆ? ಕಂಕುಳು, ತೊಡೆಸಂದಿ, ಪಾದಕ್ಕೆ ಸಾಬೂನು ಹಾಕಿ, ಉಳಿದ ಮೈಗೆ ನೀರು ಸಾಕು. ಆಮೇಲೆ ಕಾಲ್ಬೆರಳ ಸಂದಿ ಒರೆಸಿಕೊಳ್ಳಿ.