ಎಐ ಏಜೆಂಟಿಗೆ ಫೈಲ್ ಮೆಟಾಡೇಟಾ ಟೂಲ್ ಬೇರೆಯಾಗಿ ಕೊಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಏಜೆಂಟಿಗೆ (ಟೂಲ್ ಬಳಸಿ ತಾನೇ ಕೆಲಸ ಮಾಡುವ ಎಐಗೆ) ಫೈಲ್ ಓದುವ ಟೂಲ್ ಇದೆ, ಫೋಲ್ಡರ್‌ನಲ್ಲಿ ಏನೇನಿದೆ ಅಂತ ತೋರಿಸುವ ಟೂಲೂ ಇದೆ. ಸೈಜು, ತಾರೀಕಿನಂಥ ವಿವರ (ಅದೇ ಮೆಟಾಡೇಟಾ) ತಿಳಿಸೋಕೆ ಇನ್ನೊಂದು ಟೂಲ್ ಬೇಕಾ? ಬೇಕಿದ್ದರೆ ಅದರಲ್ಲಿ ಏನಿರಬೇಕು?

ಬೇಕು, ಖಂಡಿತ ಕೊಡಿ. ಆದರೆ ಆಪರೇಟಿಂಗ್ ಸಿಸ್ಟಂ ಕೊಟ್ಟಿದ್ದನ್ನೆಲ್ಲ ಹಾಗೇ ಏಜೆಂಟಿನ ಮುಂದೆ ಸುರಿಯಬೇಡಿ. ತಾರೀಕು ವಿಚಿತ್ರವಾಗಿ ಕಂಡರೆ ನಾವು ಇನ್ನೊಂದು ಸಲ ನೋಡುತ್ತೇವೆ. ಏಜೆಂಟಿನೊಳಗಿನ ಎಐ ಮಾಡೆಲ್ ಬಹಳಷ್ಟು ಸಲ ಟೂಲ್ ಹೇಳಿದ್ದನ್ನೇ ನಂಬಿ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತದೆ. ನಾಲ್ಕೇ ವಿಷಯ ಕೊಟ್ಟರೂ ಸಾಕು, ಆದರೆ ಒಂದೊಂದರ ಹೆಸರೂ ಅದರ ನಿಜವಾದ ಅರ್ಥವನ್ನೇ ಹೇಳಬೇಕು.

ಮೊದಲು ಸೈಜು. 500 ಎಂಬಿ ಲಾಗ್ ಫೈಲನ್ನು ಏಜೆಂಟ್ ಸುಮ್ನೆ ಓದಲು ಹೋದರೆ ಏನಾಗುತ್ತದೆ? ಇಂಗ್ಲಿಷ್ ಪಠ್ಯದಲ್ಲಿ ಸುಮಾರು 4 ಅಕ್ಷರಕ್ಕೆ 1 ಟೋಕನ್ (ಮಾಡೆಲ್ ಪಠ್ಯವನ್ನು ಓದುವ ತುಣುಕು) ಅಂದುಕೊಳ್ಳಿ. 2 ಲಕ್ಷ ಟೋಕನ್ ಹಿಡಿಯುವ ಮಾಡೆಲ್‌ಗೆ 800 ಕೆಬಿ ಹತ್ತಿರ ಬಂದರೆ ಜಾಗ ಮುಗಿಯಿತು. ಓದುವ ಮೊದಲೇ ಸೈಜು ಗೊತ್ತಿದ್ದರೆ, ಕೊನೆಯ ಕೆಲವು ಸಾಲು ಮಾತ್ರ ನೋಡೋಣ, ಇಲ್ಲವೇ ಬೇಕಾದ ಪದ ಹುಡುಕೋಣ ಅಂತ ಏಜೆಂಟೇ ನಿರ್ಧಾರ ಮಾಡುತ್ತದೆ. ಕನ್ನಡ ಪಠ್ಯಕ್ಕೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಟೋಕನ್ ಕೂಡ ಜಾಸ್ತಿ ಖರ್ಚಾಗುತ್ತದೆ. ಹಾಗಾಗಿ ಟೂಲ್‌ನಿಂದ ಬೈಟ್ ಲೆಕ್ಕ ಮಾತ್ರ ಕೊಡಿ. ಟೋಕನ್ ಅಂದಾಜನ್ನು ಅದರೊಳಗೆ ಸೇರಿಸಬೇಡಿ.

ಇನ್ನೊಂದು ಉಪಯೋಗದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಏಜೆಂಟ್ ಒಂದು ಫೈಲ್ ಓದಿ, ಯೋಚನೆ ಮಾಡಿ, ತಿದ್ದಿ ಬರೆಯುವಷ್ಟರಲ್ಲಿ ಅದೇ ಫೈಲನ್ನು ನೀವೂ ಎಡಿಟರ್‌ನಲ್ಲಿ ತಿದ್ದಿ ಸೇವ್ ಮಾಡಿರಬಹುದು. ಏಜೆಂಟ್ ಹಳೆಯ ಪ್ರತಿಯ ಮೇಲೆ ಮಾಡಿದ ಕೆಲಸವನ್ನು ಬರೆದರೆ ನಿಮ್ಮ ತಿದ್ದುಪಡಿ ಹೋಯಿತು. ಬರೆಯುವ ಮೊದಲು, ಕೊನೆಯ ಸಲ ಬದಲಾದ ಸಮಯ ಮತ್ತು ಸೈಜು ಓದಿದಾಗ ಇದ್ದಂತೆಯೇ ಇವೆಯಾ ಅಂತ ನೋಡಿದರೆ ಈ ನಷ್ಟ ಬಹುಪಾಲು ತಪ್ಪುತ್ತದೆ. ಈ ಪರೀಕ್ಷೆಯನ್ನು ಮಾಡೆಲ್‌ನ ವಿವೇಚನೆಗೆ ಬಿಡದೆ ಬರೆಯುವ ಟೂಲ್‌ನೊಳಗೇ ಕಡ್ಡಾಯ ಮಾಡುವುದು ಇನ್ನೂ ಒಳ್ಳೆಯದು.

ಈಗ ತಾರೀಕಿಗೆ ಬರೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ. ಯುನಿಕ್ಸ್‌ನ 'ಸ್ಟ್ಯಾಟ್' ಅಂದರೆ ಫೈಲ್ ವಿವರ ಕೇಳುವ ಕರೆ; ಅದು ಮೂರು ಸಮಯ ಕೊಡುತ್ತದೆ: ಎಟೈಮ್ (ಕೊನೆಯ ಸಲ ಓದಿದ್ದು), ಎಂಟೈಮ್ (ಒಳಗಿನ ವಿಷಯ ಕೊನೆಯ ಸಲ ಬದಲಾದದ್ದು), ಸಿಟೈಮ್. ಸಿಟೈಮ್ ಅಂದರೆ ಫೈಲ್ ಹುಟ್ಟಿದ ಸಮಯ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಫೈಲಿನ ಅನುಮತಿಯೋ, ಮಾಲೀಕರೋ, ಒಳಗಿನ ವಿಷಯವೋ ಬದಲಾದಾಗ ಅದು ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಹುಟ್ಟಿದ ಸಮಯ ಕೇಳಲು ಸರಿಯಾದ ದಾರಿ ಸಿಕ್ಕಿದ್ದೇ 2017ರಲ್ಲಿ, 4.11 ಕರ್ನಲ್ಲಿನ 'ಸ್ಟ್ಯಾಟ್‌ಎಕ್ಸ್' ಬಂದ ಮೇಲೆ. ಟೂಲ್ ಬರೆಯಲು ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬಳಸುವುದಾದರೆ ಇನ್ನೂ ಹುಷಾರಾಗಿರಿ. ಫೈಲ್ ಸಿಸ್ಟಂನಲ್ಲಿ ಹುಟ್ಟಿದ ಸಮಯ ಸಿಗದಿದ್ದರೆ ಅದರ 'ಬರ್ತ್‌ಟೈಮ್' ಜಾಗದಲ್ಲಿ ಸಿಟೈಮ್ ಬರಬಹುದು, ಇಲ್ಲವೇ 1970ರ ಜನವರಿ 1 ಬರಬಹುದು. ಅಂಥ ಫೈಲನ್ನು ಏಜೆಂಟ್ 'ಐವತ್ತು ವರ್ಷ ಹಳೆಯದು, ಅಳಿಸಬಹುದು' ಅಂತ ತೀರ್ಮಾನಿಸಿದರೆ ತಪ್ಪು ಯಾರದು? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಕೊಡಿ, ಆ ಜಾಗ ಖಾಲಿ ಬಿಡಿ.

ಎಟೈಮ್ ಅನ್ನು ನಾನಂತೂ ಕೊಡುವುದೇ ಇಲ್ಲ. ಲಿನಕ್ಸ್ ಸಾಮಾನ್ಯವಾಗಿ 'ರೆಲಟೈಮ್' ಪದ್ಧತಿಯಲ್ಲಿ ಓಡುತ್ತದೆ, ಓದಿದಾಗಲೆಲ್ಲ ಎಟೈಮ್ ಬದಲಾಗುವುದಿಲ್ಲ. ಯಾರೂ ಬಳಸದ ಫೈಲ್ ಯಾವುದು ಅಂತ ಅದನ್ನು ನೋಡಿ ಹೇಳಲು ಆಗುವುದಿಲ್ಲ. ಗಿಟ್ ರೆಪೊ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಫೋಲ್ಡರ್) ಆದರೆ, ಫೈಲ್ ಎಷ್ಟು ಹಳೆಯದು ಅಂತ ತಿಳಿಯಲು ಎಂಟೈಮ್ ಕೂಡ ಕೆಲಸಕ್ಕೆ ಬಾರದು. ಗಿಟ್ ಹಳೆಯ ಸಮಯವನ್ನು ಉಳಿಸುವುದಿಲ್ಲ, ಹೊಸದಾಗಿ ಕ್ಲೋನ್ ಮಾಡಿದರೆ (ಪ್ರತಿ ಇಳಿಸಿಕೊಂಡರೆ) ಎಲ್ಲ ಫೈಲ್‌ಗಳಿಗೂ ಕ್ಲೋನ್ ಮಾಡಿದ ಹೊತ್ತೇ ಬೀಳುತ್ತದೆ. 'ರೆಪೊ ಒಳಗಿನ ಫೈಲ್‌ಗೆ ಗಿಟ್ ಲಾಗ್ ನೋಡು' ಅನ್ನುವ ಒಂದು ಸಾಲನ್ನು ಟೂಲ್ ವಿವರಣೆಯಲ್ಲೇ ಬರೆಯಿರಿ.

ಸಮಯವನ್ನು ಸೆಕೆಂಡುಗಳ ಉದ್ದ ಸಂಖ್ಯೆಯಾಗಿ ಕೊಡದೆ, ವರ್ಷ-ತಿಂಗಳು-ದಿನ ಮತ್ತು ಟೈಮ್ ಜೋನ್ ಸಮೇತ ಕೊಡಿ. ನಮ್ಮಲ್ಲಿ ಬೆಳಗಿನ ಜಾವ 3 ಗಂಟೆಗೆ ಸೇವ್ ಆದ ಫೈಲ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ ಹಿಂದಿನ ದಿನ ರಾತ್ರಿ 9:30ರದು. 'ಇವತ್ತು ಬದಲಾದ ಫೈಲ್ ಕೊಡು' ಅಂದರೆ ಅದು ಕೈಬಿಟ್ಟು ಹೋಗುತ್ತದೆ.

ಫೈಲ್ ಬಗೆಯನ್ನು ಹೆಸರಿನ ಬಾಲ ನೋಡಿ ಹೇಳಬೇಡಿ, ಮೊದಲ ಕೆಲವು ಬೈಟ್ ನೋಡಿ ಹೇಳಿ. ಯುನಿಕ್ಸ್‌ನ 'ಫೈಲ್' ಕಮಾಂಡ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಡಾಕ್ಸ್ (.docx), ಎಕ್ಸ್‌ಎಲ್‌ಎಸ್‌ಎಕ್ಸ್ ಎರಡೂ ಒಳಗೆ ಜಿಪ್ ಫೈಲ್‌ಗಳೇ, ಅವಕ್ಕೆ ಒಳಗೂ ಸ್ವಲ್ಪ ಇಣುಕಬೇಕು. ಕನ್ನಡದ ಹಳೆಯ ಕಡತಗಳಿದ್ದರೆ ಇನ್ನೂ ಒಂದು ವಿಷಯ ಸೇರಿಸಿ: ಡಾಕ್ಸ್ ಒಳಗಿನ ಫಾಂಟ್ ಹೆಸರು. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಏಜೆಂಟಿಗೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ, ಫೈಲ್ ಕೆಟ್ಟಿದೆ ಅಂದುಕೊಳ್ಳುತ್ತದೆ. ಫಾಂಟ್ ಹೆಸರು ಸಿಕ್ಕರೆ ಮೊದಲು ಯುನಿಕೋಡ್‌ಗೆ ಬದಲಿಸಬೇಕು ಅಂತ ಅದಕ್ಕೆ ಗೊತ್ತಾಗುತ್ತದೆ. ಕನ್ನಡದ ಫೈಲ್ ಹೆಸರಲ್ಲೂ ತೊಡಕಿದೆ. 'ಕೋಲಾರ' ಅನ್ನುವಲ್ಲಿನ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಬಂದ ಫೈಲ್ ಕಣ್ಣಿಗೆ ಕಾಣುತ್ತಿದ್ದರೂ, ಏಜೆಂಟ್ ಟೈಪ್ ಮಾಡಿದ ಹೆಸರಿಗೆ 'ಇಲ್ಲ' ಅಂತ ಉತ್ತರ ಬರಬಹುದು. ಎರಡೂ ರೂಪದಲ್ಲಿ ಹುಡುಕಿ, ಡಿಸ್ಕಿನ ಮೇಲಿರುವ ಹೆಸರನ್ನೇ ವಾಪಸ್ ಕೊಡಿ.

ಬರೀ ಮಾಹಿತಿ ಕೊಡುವ ಟೂಲ್, ಇದರಿಂದ ಏನು ಅಪಾಯ ಅನ್ನಬೇಡಿ. ಯಾವ ಫೋಲ್ಡರ್ ಒಳಗೆ ನೋಡಬಹುದು ಅನ್ನುವ ಗಡಿ ಇದಕ್ಕೂ ಬೇಕು. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೋಪಿಕ್ ಹೊರತಂದ, ಏಜೆಂಟಿಗೂ ಟೂಲಿಗೂ ಕೊಂಡಿ ಹಾಕುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನ ಫೈಲ್ ಸಿಸ್ಟಂ ಸರ್ವರ್‌ನಲ್ಲಿ 'ಗೆಟ್ ಫೈಲ್ ಇನ್ಫೋ' ಅಂತ ಇಂಥದ್ದೇ ಟೂಲ್ ಇದೆ, ನೋಡಿ ಕಲಿಯಲು ಚೆನ್ನಾಗಿದೆ. ಅದೇ ಸರ್ವರ್‌ನಲ್ಲಿ 2025ರಲ್ಲಿ ಎರಡು ದೋಷ ಹೊರಬಂದು, ಆಮೇಲೆ ಸರಿಯಾದವು. ಒಂದು, ಫೈಲಿನ ದಾರಿಯ (ಪಾತ್) ಆರಂಭದ ಅಕ್ಷರ ಹೊಂದಿದರೆ ಸಾಕು ಅಂತ ಬಿಟ್ಟಿದ್ದು. 'ಡೇಟಾ' ಫೋಲ್ಡರ್‌ಗೆ ಅನುಮತಿ ಕೊಟ್ಟರೆ ಪಕ್ಕದ 'ಡೇಟಾ-ಗುಟ್ಟು' ಕೂಡ ತೆರೆದುಕೊಳ್ಳುತ್ತಿತ್ತು. ಇನ್ನೊಂದು, ಸಿಮ್‌ಲಿಂಕ್ (ಬೇರೆ ಜಾಗದ ಫೈಲಿಗೆ ಬೊಟ್ಟು ಮಾಡುವ ಕೊಂಡಿ) ಹಿಡಿದು ಗಡಿ ದಾಟುವುದು. ಸಿಮ್‌ಲಿಂಕ್‌ಗಳನ್ನೆಲ್ಲ ಬಿಡಿಸಿ ನಿಜವಾದ ದಾರಿ ತೆಗೆದ ಮೇಲೆ, ಫೋಲ್ಡರ್ ಫೋಲ್ಡರ್ ಆಗಿ ಹೋಲಿಸಿ ನೋಡಿ. ಫೋಟೋ ಒಳಗಿನ ಜಿಪಿಎಸ್ ವಿವರವನ್ನು ಕೇಳದೆ ಕೊಡಬೇಡಿ, ಅದರಲ್ಲಿ ಯಾರದೋ ಮನೆಯ ಜಾಗ ಇರುತ್ತದೆ.

ಕೊನೆಗೆ ಎರಡು ಸಣ್ಣ ಮಾತು. ಒಂದೇ ಸಲಕ್ಕೆ ಹಲವು ಫೈಲ್ ಹೆಸರು ತೆಗೆದುಕೊಳ್ಳುವಂತೆ ಮಾಡಿ, ಇಲ್ಲದಿದ್ದರೆ ದೊಡ್ಡ ಫೋಲ್ಡರ್‌ನಲ್ಲಿ ಏಜೆಂಟ್ ಒಂದೊಂದನ್ನೇ ಕೇಳುತ್ತಾ ಕೂರುತ್ತದೆ. ಒಂದು ಫೈಲ್ ಸಿಗದಿದ್ದರೆ ಇಡೀ ಉತ್ತರ ನಿಲ್ಲಬಾರದು. 'ಫೈಲ್ ಇಲ್ಲ' ಮತ್ತು 'ನೋಡಲು ಅನುಮತಿ ಇಲ್ಲ' ಇವೆರಡನ್ನು ಗಡಿಯೊಳಗಿನ ಫೈಲ್‌ಗಳಿಗೆ ಬೇರೆ ಬೇರೆಯಾಗಿ ಹೇಳಿ. ಗಡಿಯ ಹೊರಗಿನದಕ್ಕೆ ಮಾತ್ರ ಫೈಲ್ ಇದ್ದರೂ ಇಲ್ಲದಿದ್ದರೂ ಒಂದೇ ಉತ್ತರ ಬರಲಿ.