ದಪ್ಪ ದುಂಡು ಅಕ್ಷರ ಬೇಕಂದ್ರ ಔಟ್‌ಲೈನ್ ಹಚ್ಚಬ್ಯಾಡ್ರಿ

ಸರ್, ನಿಮ್ಮ ‘ಧಾರವಾಡ ಪೇಢೆ, ಗಿರ್ಮಿಟ್’ ಬೋರ್ಡಿನ ಡಿಸೈನ್ ನೋಡಿದೆ. ತೆಳು ಫಾಂಟ್ ತಗೊಂಡು, 12 ಮಿ.ಮೀ. ಔಟ್‌ಲೈನ್ (ಅಕ್ಷರದ ಅಂಚಿನ ಸುತ್ತ ಗೆರೆ) ಕೊಟ್ಟು, ಮೂಲೆ ರೌಂಡ್ ಮಾಡೀರಿ. ಬೋರ್ಡ್ ಡಿಸೈನ್ ಮಾಡೋರ ಈ ಗುಂಪಿನಲ್ಲಿ ಎಲ್ಲರೂ ಮಾಡೋ ತಪ್ಪು ಇದೇ. ಪ್ರಿಂಟಿಗೆ ಕಳಿಸಬ್ಯಾಡ್ರಿ.

ಔಟ್‌ಲೈನ್ ಅಂಚಿನ ಎರಡೂ ಬದಿಗೆ ಅರ್ಧರ್ಧ ಕೂತು, ಪ್ರತಿ ಅಂಚನ್ನೂ 6 ಮಿ.ಮೀ. ಹೊರಗೆ ತಳ್ಳುತ್ತದೆ. ಸುರುಳಿಯೊಳಗಿನ 15 ಮಿ.ಮೀ. ಸಂದು 3ಕ್ಕೆ ಇಳೀತದ. ಧ, ಢದ ಹೊಟ್ಟೆ ಸೀಳೋ ಗೆರೆ ನೋಡ್ರಿ: ಕೆಳಗೆ ಚಾಚಿದ್ದು ಅಷ್ಟೇ ಉಳೀತದ, ಅಗಲ ಮಾತ್ರ 12 ಮಿ.ಮೀ. ಹೆಚ್ಚಾಗಿ ಗೆರೆ ಹೋಗಿ ಉಬ್ಬು ಆಗ್ತದ. ರಸ್ತೆಯ ಆಚೆಯಿಂದ ಓದಿದ್ರ ‘ದಾರವಾಡ ಪೇಡೆ’. ಗಿರ್ಮಿಟ್‌ನ ಅರ್ಕಾವತ್ತಿನ ಸುರುಳಿಯೂ ಮುಚ್ಚಿಹೋಗ್ತದ. ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ಬೋಲ್ಡ್ ಬಟನ್ ಒತ್ತಿ ಬರಿಸೋ ಸುಳ್ಳು ದಪ್ಪಕ್ಕೂ ಇದೇ ಗತಿ.

ದಪ್ಪವಾಗಿಯೇ ಬರೆದ ಫಾಂಟ್ ತಗೀರಿ. ಮುಂಬಯಿಯ ಏಕ್ ಟೈಪ್‌ನವರ ‘ಬಾಲೂ ತಮ್ಮ 2’ ಫಾಂಟಿನ ಎಕ್ಸ್‌ಟ್ರಾಬೋಲ್ಡ್ ರೂಪ ಚಲೋ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಅಂಗಡಿ ಕೆಲಸಕ್ಕೂ ಲೈಸೆನ್ಸಿನ ತೊಂದರೆ ಇಲ್ಲ, ಇಂಗ್ಲಿಷ್ ಅಕ್ಷರವೂ ಅದೇ ಫೈಲಿನಲ್ಲಿ ಅದೇ ಮೈಕಟ್ಟಿನಲ್ಲಿ ಸಿಗ್ತಾವ. ನೋಟೋ ಸಾನ್ಸ್ ಬ್ಲ್ಯಾಕ್ ಕೂಡ ದಪ್ಪ ಐತಿ, ಆದ್ರ ಸಿಹಿ ಅಂಗಡಿಗೆ ಅದು ಸರ್ಕಾರಿ ಫಲಕದಂಗ ಕಾಣ್ತದ.

ಬಾಲೂ ಹಾಕಿದ ಮೇಲೂ ಗೆರೆ ಸಣ್ಣದು ಅನ್ನಿಸಿದ್ರ ಅಕ್ಷರವನ್ನ ಕರ್ವ್ಸ್ (ಬರೀ ಆಕಾರ) ಮಾಡಿ, ಧ, ಢದ ಗೆರೆಯ ಕೆಳಗಿನ ನೋಡ್‌ಗಳನ್ನಷ್ಟೇ (ಆಕಾರದ ಹಿಡಿ ಬಿಂದು) ಹಿಡಿದು ಕೆಳಗೆ ಎಳೀರಿ. ಗೆರೆಯ ಅಗಲ ಅಕ್ಷರದ ದಪ್ಪದ ಅರ್ಧಕ್ಕಿಂತ ತುಸು ಹೆಚ್ಚಿರಲಿ, ಹೊರಗೆ ಚಾಚಿದ್ದು ಆ ಅಗಲಕ್ಕಿಂತ ಕಡಿಮೆ ಆಗಬಾರದು. ಒಂದು ಧದಲ್ಲಿ ಮಾಡಿದ್ರ ಎಲ್ಲಾ ಧದಲ್ಲೂ ಮಾಡ್ರಿ. ಇಲ್ಲಾಂದ್ರ ಕಣ್ಣಿಗೆ ಹೊಡೀತದ. ಆಮೇಲೆ 10% ಅಳತೆಯಲ್ಲಿ ಎ4 ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಹಚ್ಚಿ ದೂರ ನಿಂತು ನೋಡ್ರಿ. ಮಾನಿಟರ್ ಮೇಲೆ ಝೂಮ್ ಮಾಡಿ ‘ಚಲೋ ಐತಿ’ ಅನ್ನೋದು ಲೆಕ್ಕಕ್ಕಿಲ್ಲ.

ಅಕ್ಷರ ಜಾಗ ತುಂಬಲಿ ಅಂತ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಹೆಚ್ಚಿಸಬ್ಯಾಡ್ರಿ. ‘ಪೇ’ ಅಕ್ಷರದ ದೀರ್ಘ ಕಿತ್ತು ದೂರ ನಿಲ್ತದ. ಕೆಳಗಿನ ಸಾಲಿನಲ್ಲಿ ‘ಹುಬ್ಬಳ್ಳಿ ಶಾಖೆ’ ಅದ. ಅದರ ಎರಡು ಒತ್ತಕ್ಷರಕ್ಕೆ ಜಾಗ ಬಿಡದೆ ಅಂಚಿಗೆ ಒತ್ತೀರಿ. ಫ್ರೇಮ್ ಕೂಡಿಸಿದಾಗ ಒತ್ತು ಅರ್ಧ ಮುಚ್ತದ. ಸಾಲಿನ ಅಂತರ ಅಕ್ಷರದ ಅಳತೆಯ 140%ಕ್ಕಿಂತ ಕಡಿಮೆ ಇಡಬ್ಯಾಡ್ರಿ, ಎರಡೂ ಸಾಲಲ್ಲಿ ಒತ್ತು ಇದ್ರ 150%.

ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯ ಹಳೇ ಎನ್ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಪಠ್ಯಕ್ಕೆ ಬಾಲೂ ಹಾಕಿದ್ರ ಗೋಜಲು ಬರ್ತದ, ಮೊದಲು ಯೂನಿಕೋಡ್‌ಗೆ ಬದಲಾಯಿಸ್ರಿ. ಹಳೇ ಕೋರೆಲ್‌ಡ್ರಾದಲ್ಲಿ ಒತ್ತು ಒಡೆದು ಬಿಡಿಬಿಡಿ ಕಂಡ್ರ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ ‘ಪಾಥ್’ ಮಾಡಿ ತರ್ರಿ. ಇಲ್ಲಸ್ಟ್ರೇಟರ್‌ನವರು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡ್ಕೋಬೇಕು.

ವಿನೈಲ್ ಕಟಿಂಗ್ ಆದ್ರ ಕರ್ವ್ಸ್ ಮಾಡಿದ ಮೇಲೆ ವೆಲ್ಡ್ ಕೊಡ್ರಿ, ಅಂದ್ರ ಆಕಾರಗಳನ್ನ ಒಂದಾಗಿ ಬೆಸೀರಿ. ವೇರಿಯಬಲ್ ಫಾಂಟ್ ಫೈಲಿನಲ್ಲಿ (ಎಲ್ಲಾ ದಪ್ಪಗಳೂ ಒಂದರಲ್ಲೇ ಇರೋ ಫೈಲು) ಆಕಾರಗಳು ಒಂದರ ಮೇಲೊಂದು ಕೂತಿರ್ತಾವ, ವಿನೈಲ್ ಕತ್ತರಿಸೋ ಪ್ಲಾಟರ್ ಅಕ್ಷರದ ನಡುವೆಯೇ ಬ್ಲೇಡ್ ಎಳೀತದ. ಟೈಪ್ ಮಾಡಿದ ಮೂಲ ಫೈಲ್ ಬ್ಯಾರೆ ಇಟ್ಕೋರಿ, ನಾಳೆ ಮಾಲಕರು ಫೋನ್ ನಂಬರ್ ಬದಲಿಸ್ರಿ ಅಂತಾರ.